ಊರಿಗೆ ಬಂದವರು

ಬೆಂಗಳೂರಿನಿಂದ ಜೋಲಾರ್‌ಪೇಟೆಯ ಕಡೆಗೆ ಹೋಗುವ ರೈಲುಮಾರ್ಗದಲ್ಲಿ ಬಂಗಾರಪೇಟೆ ಒಂದು ಮುಖ್ಯ ನಿಲ್ದಾಣ. ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ಅವರ ಹೆಸರಿನಿಂದ ಈ ಊರು ಹಿಂದೆ ಬೌರಿಂಗ್‌ಪೇಟೆ ಎನಿಸಿಕೊಂಡಿತ್ತು. ಇಲ್ಲಿಂದ ಕವಲೊಡೆದ ಒಂದು ಚಿಕ್ಕ ಮಾರ್ಗವು ಕೋರಮಂಡಲ್, ಉರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ಹಾದು ಮಾರಿಕುಪ್ಪಂನಲ್ಲಿ ಕೊನೆಗೊಳ್ಳುತ್ತದೆ. ದೂರ ಸುಮಾರು 16 ಕಿಲೋಮೀಟರು. ಇಷ್ಟು ಕಿರಿದಾದ ಹಾದಿಯಲ್ಲಿ ಒಮ್ಮೆ ಪಯಣಿಸುವುದಕ್ಕಾಗಿ ಸಮುದ್ರಗಳನ್ನು ದಾಟಿ ಬರುವವರು ಉಂಟು.

ಅವರು ಯಾರು? 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಇಂಗ್ಲಿಷ್ ಸಂಸ್ಥೆಯು ಕೋಲಾರದ ಚಿನ್ನದ ಗಣಿಗಳ ಕೆಲಸಕ್ಕೆ ಕೈಹಾಕಿತು. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದಿಂದ ಗಣಿಯ ನಿಪುಣರು ಬಂದರು. ತಮಿಳು ಮತ್ತು ತೆಲುಗು ಸೀಮೆಗಳಿಂದ ಸಾವಿರಾರು ಮಂದಿ ಕೂಲಿಗಾರರು ಬಂದರು. ಆಂಗ್ಲೋ-ಇಂಡಿಯನ್ ಕುಟುಂಬಗಳೂ ಬಂದು ನೆಲೆಸಿದವು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಇಲ್ಲಿಗೆ ಹರಿಯಿತು. ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಆ ಆಳದಲ್ಲಿ ಬಂಡೆಯ ಉಷ್ಣವು 60 ಡಿಗ್ರಿ ಸೆಂಟಿಗ್ರೇಡನ್ನು ಮೀರುತ್ತಿತ್ತು.

ಸ್ವಾತಂತ್ರ್ಯಾನಂತರ ಅನೇಕ ಆಂಗ್ಲೋ-ಇಂಡಿಯನ್ ಕುಟುಂಬಗಳು ಇಂಗ್ಲೆಂಡು, ಕೆನಡ, ಆಸ್ಟ್ರೇಲಿಯಗಳಿಗೆ ವಲಸೆ ಹೋದವು. ಆಸ್ಟ್ರೇಲಿಯ ಬಹುಕಾಲ ಬಿಳಿಯರಲ್ಲದವರನ್ನು ದೂರವಿಟ್ಟಿತ್ತು. 1966ರಲ್ಲಿ ಆ ನಿಯಮಗಳು ಸಡಿಲವಾದವು. 1973ರಲ್ಲಿ ಆ ನೀತಿಯೇ ಕೊನೆಗಂಡಿತು. ಹೀಗೆ ಹೋದವರ ಮಕ್ಕಳು ಮೊಮ್ಮಕ್ಕಳು ಈಗ ರಜೆಯಲ್ಲಿ ಊರು ನೋಡಲು ಬರುತ್ತಾರೆ. ಅವರದು ಬೇಸಗೆಯ ರಜೆ. ಆದರೆ ಭೂಮಿಯ ದಕ್ಷಿಣಾರ್ಧದಲ್ಲಿ ಬೇಸಗೆ ಬರುವುದು ಡಿಸೆಂಬರಿನಲ್ಲಿ. ಅವರು ರೈಲಿನಿಂದ ಇಳಿಯುವಾಗ ಕೋಲಾರ ಸೀಮೆಯಲ್ಲಿ ಚಳಿ ಕೊರೆಯುತ್ತಿರುತ್ತದೆ.

ಅಂಥ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳೋಣ. ತಾತ, ಮಗಳು, ಹದಿನಾಲ್ಕು ವರ್ಷದ ಮೊಮ್ಮಗ. ತಾತ ಹುಟ್ಟಿದ್ದು ಚಾಂಪಿಯನ್ ರೀಫಿನಲ್ಲಿ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ, 1969ರಲ್ಲಿ, ಅವನು ಮೆಲ್ಬರ್ನ್ ನಗರಕ್ಕೆ ಹೊರಟುಹೋದ. ಮೊಮ್ಮಗನ ಕಣ್ಣಿಗೆ ಮೊದಲು ಬಿದ್ದುದು ಬೂದುಬಣ್ಣದ ದೊಡ್ಡ ದಿಬ್ಬಗಳು.

“ಇವು ಬೆಟ್ಟಗಳೇ?” ಎಂದು ಹುಡುಗ ಕೇಳಿದ.

“ಅಲ್ಲ ಮಗು, ಚಿನ್ನ ತೆಗೆದುಕೊಂಡ ಮೇಲೆ ಉಳಿದ ಕಲ್ಲಿನ ಪುಡಿ. ಸೈನೈಡ್ ದಿಬ್ಬಗಳೆಂದು ಇವಕ್ಕೆ ಹೆಸರು” ಎಂದ ತಾತ.

ತಾತ ಬಾಲ್ಯ ಕಳೆದ ಬಂಗಲೆಯ ಚಾವಣಿ ಕುಸಿದಿತ್ತು. ಅಂಗಳದಲ್ಲಿ ಮುಳ್ಳುಗಿಡಗಳು ಬೆಳೆದಿದ್ದವು. ಆ ಮನೆ ಎಂದೂ ಅವರ ಸ್ವಂತದ್ದಾಗಿರಲಿಲ್ಲ. ಅದು ಗಣಿಯ ಆಸ್ತಿ. ಕೆಲಸವಿದ್ದಷ್ಟು ದಿನ ಮನೆ. ತಾತ ಗೇಟಿನ ಕಂಬವನ್ನು ಹಿಡಿದು ಸ್ವಲ್ಪ ಹೊತ್ತು ನಿಂತು, ಮಾತಿಲ್ಲದೆ ಹಿಂದಿರುಗಿದ.

ಅಲ್ಲಿಂದ ಅವರು ಹೋದುದು ಕಾರ್ಮಿಕರ ಲೈನಿಗೆ. ಅಲ್ಲಿ ತಾತನ ಗೆಳೆಯನ ಮನೆಯಿತ್ತು. ಒಂದು ಕೋಣೆ, ಮುಂದೆ ಒಂದು ತಗಡಿನ ಚಪ್ಪರ. ಇಬ್ಬರೂ ಒಂದೇ ವರ್ಷ ಗಣಿಗೆ ಸೇರಿದವರು. ಗಣಿಯೊಳಗೆ ಗೆಳೆಯ ಅವನನ್ನು ‘ಸಾರ್’ ಎಂದು ಕರೆಯಬೇಕಾಗಿತ್ತು. ಹಾಕಿ ಮೈದಾನದಲ್ಲಿ ಮಾತ್ರ ಹೆಸರು ಹಿಡಿದು ಕೂಗುತ್ತಿದ್ದ. ಈಗ ಬಾಗಿಲಲ್ಲಿ ನಿಂತವನನ್ನು ನೋಡಿ ಅವನು ಮೈದಾನದ ಹೆಸರಿನಿಂದಲೇ ಕೂಗಿದ. ಐವತ್ತು ವರ್ಷಗಳ ಹಿಂದಿನ ತಮಿಳು ತಾತನ ನಾಲಗೆಗೆ ತಾನಾಗಿಯೇ ಬಂದಿತು.

ಗೆಳೆಯ ಊರು ಬಿಟ್ಟವನಲ್ಲ. 1972ರಲ್ಲಿ ಗಣಿಗಳು ಭಾರತ್ ಗೋಲ್ಡ್ ಮೈನ್ಸ್ ಎಂಬ ಸರ್ಕಾರಿ ಸಂಸ್ಥೆಯ ವಶಕ್ಕೆ ಬಂದವು. ಚಿನ್ನ ಕಡಿಮೆಯಾಗಿ, ತೆಗೆಯುವ ಖರ್ಚು ಹೆಚ್ಚಾಗಿ, 2001ರ ಫೆಬ್ರವರಿ 28ರಂದು ಕೆಲಸ ನಿಂತಿತು. ಐವತ್ತು ದಾಟಿದ ಗೆಳೆಯ ಬೆಂಗಳೂರಿನಲ್ಲಿ ಕಾವಲುಗಾರನಾದ. ಈಗ ಅವನ ಮಗನೂ ಕತ್ತಲೆ ಹರಿಯುವ ಮುನ್ನ ಮಾರಿಕುಪ್ಪಂನ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ರಾತ್ರಿ ಮನೆಗೆ ಮರಳುತ್ತಾನೆ. ಗಣಿ ಮುಚ್ಚಿದ ಊರನ್ನು ಬಿಡದೆ ಉಳಿಯಲು ಸಾವಿರಾರು ಮಂದಿ ತೆರುತ್ತಿರುವ ಬೆಲೆ ಇದು. ಒಬ್ಬರು ಒಮ್ಮೆ ಹೋದರು. ಇನ್ನೊಬ್ಬರು ದಿನವೂ ಹೋಗಿ ದಿನವೂ ಬರುತ್ತಾರೆ.

ಮಧ್ಯಾಹ್ನ ಎಲ್ಲರೂ ಸ್ಮಶಾನಕ್ಕೆ ಹೋದರು. ದಾರಿ ತೋರಿಸಿದವಳು ಗೆಳೆಯನ ಮೊಮ್ಮಗಳು. ಅವಳು ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿ. ಸುತ್ತಲಿನ ಅನೇಕ ಗೋರಿಗಳನ್ನು ಹುಲ್ಲು ಮುಚ್ಚಿತ್ತು. ತಾತನ ತಾಯಿಯ ಗೋರಿ ಮಾತ್ರ ಶುಭ್ರವಾಗಿತ್ತು; ಕಲ್ಲಿನ ಮೇಲಿನ ಅಕ್ಷರಗಳು ಸ್ಪಷ್ಟವಾಗಿ ಕಾಣುತ್ತಿದ್ದವು.

“ಯಾರು ಇದನ್ನು ನೋಡಿಕೊಳ್ಳುವವರು?” ಎಂದು ಹುಡುಗ ಕೇಳಿದ.

“ತಾತ ಗುಡಿಸುತ್ತಿದ್ದರು. ಅವರಿಗೆ ಮಂಡಿನೋವು ಬಂದಮೇಲೆ ನಾನು ಗುಡಿಸುತ್ತೇನೆ” ಎಂದಳು ಹುಡುಗಿ.

ಹುಡುಗ ತಲೆ ತಗ್ಗಿಸಿದ. ತನ್ನ ಮುತ್ತಜ್ಜಿಯ ಹೆಸರು ಅವನಿಗೆ ತಿಳಿದದ್ದು ಅಂದೇ. ಆ ಹೆಸರಿನ ಮೇಲೆ ಬಿದ್ದ ಧೂಳನ್ನು ಅವಳು ವರ್ಷಗಳಿಂದ ಒರೆಸಿದ್ದಳು.

ಸಂಜೆ ತಾತ ಹಣದ ಒಂದು ಲಕೋಟೆಯನ್ನು ಗೆಳೆಯನ ಕೈಗಿಟ್ಟ. ಗೆಳೆಯ ಅದನ್ನು ತೆರೆಯಲಿಲ್ಲ, ಹಿಂದಕ್ಕೂ ತಳ್ಳಲಿಲ್ಲ. ಮೆಲ್ಲನೆ ಪಕ್ಕಕ್ಕಿಟ್ಟು ಹೇಳಿದ:

“ಇದು ಇರಲಿ, ಬೇಡವೆನ್ನುವಷ್ಟು ಸಿರಿವಂತ ನಾನಲ್ಲ. ಆದರೆ ನಾನು ಕೇಳುವುದು ಬೇರೆ. ನಮ್ಮಿಬ್ಬರಿಗೂ ವಯಸ್ಸಾಯಿತು. ನಾವು ಹೋದರೆ ನಿನ್ನ ಮನೆಯವರು ಯಾರು, ನನ್ನ ಮನೆಯವರು ಯಾರು? ಈ ಮಕ್ಕಳಿಬ್ಬರೂ ಒಬ್ಬರಿಗೊಬ್ಬರು ಪತ್ರ ಬರೆಯಲಿ.”

ತಾತ ಬಹಳ ಹೊತ್ತು ಸುಮ್ಮನಿದ್ದ. ಇಷ್ಟು ವರ್ಷಗಳಲ್ಲಿ ತಾನು ಬರೆದ ಪತ್ರಗಳನ್ನು ಅವನು ಮನಸ್ಸಿನಲ್ಲೇ ಎಣಿಸುತ್ತಿದ್ದನೋ ಏನೋ! ಎಣಿಕೆಗೆ ಒಂದು ಕೈಯ ಬೆರಳುಗಳು ಸಾಕಾಗಿದ್ದವು. ದೂರ ಹೋದವರು ಊರನ್ನು ನೆನಪಿನಲ್ಲಿಟ್ಟುಕೊಂಡು ಸಂತೋಷಪಡಬಲ್ಲರು. ಉಳಿದವರು ಅದನ್ನು ದಿನವೂ ಗುಡಿಸಿ ಇಟ್ಟುಕೊಳ್ಳಬೇಕಾಗುತ್ತದೆ. ಈ ವ್ಯತ್ಯಾಸವನ್ನು ಅರಿತವನಿಗೆ ಊರಿಗೆ ಬರುವುದು ಬರಿಯ ವಿಹಾರವೆನಿಸದು.

ಮರುದಿನ ಚಾಂಪಿಯನ್ ನಿಲ್ದಾಣದಲ್ಲಿ ರೈಲು ಬರುವ ಮುನ್ನ ಹುಡುಗಿ ತನ್ನ ನೋಟುಪುಸ್ತಕವನ್ನು ಮುಂದೆ ಹಿಡಿದಳು. ಹುಡುಗ ಅದರಲ್ಲಿ ಮೆಲ್ಬರ್ನಿನ ವಿಳಾಸ ಬರೆದ. ಆಮೇಲೆ ತನ್ನ ಚೀಲದಿಂದ ಒಂದು ಕಾಗದ ತೆಗೆದು ಅವಳ ಕೈಗೆ ಕೊಟ್ಟ. ಅವಳು ತನ್ನ ವಿಳಾಸವನ್ನು ಇಂಗ್ಲಿಷಿನಲ್ಲಿ ಬರೆದು, ಕೆಳಗೆ ಕನ್ನಡದಲ್ಲಿಯೂ ಬರೆದಳು.

“ಇದನ್ನು ನಾನು ಓದಲಾರೆನಲ್ಲ” ಎಂದ ಹುಡುಗ.

“ಮುಂದಿನ ಸಲ ಬರುವಾಗ ಕಲಿತು ಬಾ” ಎಂದಳು ಹುಡುಗಿ.

ರೈಲು ಬಂಗಾರಪೇಟೆಯ ಕಡೆಗೆ ಹೊರಟಿತು. ಬೂದುದಿಬ್ಬಗಳು ಮರೆಯಾಗುವವರೆಗೂ ಹುಡುಗ ಆ ಕಾಗದವನ್ನು ಮಡಿಸದೆ ಕೈಯಲ್ಲೇ ಹಿಡಿದುಕೊಂಡಿದ್ದ.