ಆಟವೂ ಆಡುನುಡಿಯೂ: ಗಡಿನಾಡಿನ ಕಿರಿಯ ಶಾಲೆಗಳಲ್ಲಿ ನಲಿವಿನ ದಿನಗಳು

ಕನ್ನಡದಲ್ಲಿ ‘ಆಡು’ ಎಂಬ ಧಾತುವಿಗೆ ಎರಡು ಮುಖ್ಯಾರ್ಥಗಳುಂಟು. ಕ್ರೀಡಿಸುವುದು ಒಂದು, ನುಡಿಯುವುದು ಮತ್ತೊಂದು. ಮಗು ಅಂಗಳದಲ್ಲಿ ಆಡುತ್ತದೆ. ಹಿರಿಯರು ಜಗುಲಿಯ ಮೇಲೆ ಕುಳಿತು ಮಾತಾಡುತ್ತಾರೆ. ‘ಆಟ’ ಎಂಬ ನಾಮಪದವೂ ‘ಆಡುನುಡಿ’ ಎಂಬ ಸಮಾಸವೂ ಈ ಒಂದೇ ಬೇರಿನಿಂದ ಒಡೆದ ಎರಡು ಕವಲುಗಳು. 1894ರಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟನ್ನು ತೆರೆದವರಿಗೆ ಈ ಎರಡರ್ಥಗಳೂ ಒಂದೆಡೆಯಲ್ಲಿಯೇ ದೊರೆಯುತ್ತವೆ. ನೆರೆಯ ತೆಲುಗಿನಲ್ಲಿಯೂ ಸ್ಥಿತಿ ಬೇರೆಯಲ್ಲ. ಅಲ್ಲಿಯೂ ಕ್ರೀಡೆಗೆ ‘ಆಟ’ ಎಂದೇ ಹೆಸರು, ಮಾತನಾಡುವುದಕ್ಕೆ ‘ಮಾಟ್ಲಾಡು’ ಎಂದೇ ರೂಪ. ಆಟಕ್ಕೂ ಮಾತಿಗೂ ಇರುವ ನಂಟನ್ನು ಶಿಕ್ಷಣಶಾಸ್ತ್ರಜ್ಞರು ವಿವರಿಸುವುದಕ್ಕಿಂತ ಬಹುಕಾಲ ಮೊದಲೇ ಈ ಎರಡು ಭಾಷೆಗಳನ್ನಾಡುವ ಜನರು ಕಂಡುಕೊಂಡಿದ್ದರೆಂದು ಹೇಳಿದರೆ ತಪ್ಪಾಗಲಾರದು.

ಪ್ರಾಥಮಿಕ ಶಾಲೆಗಳಲ್ಲಿ ನಡೆಯುವ ನಲಿವಿನ ಕಾರ್ಯಕ್ರಮಗಳನ್ನೂ ಮಕ್ಕಳ ಶಿಬಿರಗಳನ್ನೂ ಕುರಿತು ಯೋಚಿಸುವಾಗ ಈ ನಂಟನ್ನು ಮುಂದಿಟ್ಟುಕೊಳ್ಳುವುದು ಯುಕ್ತ. ‘ಆಟದ ದಿನವೆಂದರೆ ಪಾಠ ಕೆಟ್ಟ ದಿನ’ ಎಂಬ ಮಾತು ಪಾಲಕರಲ್ಲಿಯೂ, ಕೆಲವೊಮ್ಮೆ ಶಿಕ್ಷಕರಲ್ಲಿಯೂ ಕೇಳಿಬರುತ್ತದೆ. ಗಡಿನಾಡಿನ ಮಟ್ಟಿಗಂತೂ ಈ ಮಾತು ಸಲ್ಲದು. ಅಲ್ಲಿ ಆಟದ ದಿನವೇ ಭಾಷೆಯ ದಿನ.

ಗಡಿಯ ಮಗು

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡು ಹೋಬಳಿಯ ಕೇಂದ್ರವಾದ ಊರು. ಹೋಬಳಿಯ ಎಲ್ಲೆ ದಾಟಿದರೆ ಆಂಧ್ರಪ್ರದೇಶ. ಆ ಕಡೆಯ ದೊಡ್ಡ ಊರು ಮದನಪಲ್ಲಿ. ಮಾವು, ರಾಗಿ, ಕಡಲೆಕಾಯಿ, ಹುಣಸೆ ಈ ನೆಲದ ಬೆಳೆಗಳು. ಇಲ್ಲಿನ ಅನೇಕ ಮನೆಗಳಲ್ಲಿ ಆಡುವ ಭಾಷೆ ತೆಲುಗು; ಶಾಲೆಯಲ್ಲಿ ಓದುವ ಭಾಷೆ ಕನ್ನಡ. ಆರು ವರ್ಷದ ಮಗು ಒಂದನೆಯ ತರಗತಿಗೆ ಕಾಲಿಟ್ಟಾಗ ಅಕ್ಷರವನ್ನು ಮಾತ್ರವಲ್ಲದೆ ಆ ಅಕ್ಷರ ಸೂಚಿಸುವ ಮಾತನ್ನೂ ಹೊಸದಾಗಿ ಕಲಿಯಬೇಕಾಗುತ್ತದೆ. ಒಳನಾಡಿನ ಮಗುವಿಗೆ ಒಂದೇ ಹೊರೆ. ಗಡಿಯ ಮಗುವಿಗೆ ಎರಡು.

ಇಂಥ ಮಗು ತರಗತಿಯಲ್ಲಿ ಮೌನ ವಹಿಸುವುದು ಸಹಜ. ಆ ಮೌನವನ್ನು ದಡ್ಡತನವೆಂದು ಭಾವಿಸುವುದು ದೊಡ್ಡ ಪ್ರಮಾದ. ತೆಲುಗಿನ ವ್ಯಾಕರಣವನ್ನು ಸ್ವಲ್ಪ ಬಲ್ಲವರಿಗೆ ಮಗುವಿನ ತಪ್ಪುಗಳ ಹಿಂದಿರುವ ಕ್ರಮ ಕಾಣುತ್ತದೆ. ತೆಲುಗಿನ ಏಕವಚನ ಕ್ರಿಯಾಪದದಲ್ಲಿ ಸ್ತ್ರೀಲಿಂಗಕ್ಕೂ ನಪುಂಸಕಲಿಂಗಕ್ಕೂ ಒಂದೇ ಪ್ರತ್ಯಯ. ‘ಅಮ್ಮ ವಚ್ಚಿಂದಿ’, ‘ಆವು ವಚ್ಚಿಂದಿ’ ಎಂದು ತಾಯಿಗೂ ಹಸುವಿಗೂ ಒಂದೇ ರೂಪ. ಆ ಅಭ್ಯಾಸದ ಮಗು ಕನ್ನಡದಲ್ಲಿ ‘ಅಕ್ಕ ಬಂತು’ ಎನ್ನುವುದು ತನ್ನ ಮನೆಮಾತಿನ ನಿಯಮವನ್ನು ನಿಷ್ಠೆಯಿಂದ ಪಾಲಿಸಿದ್ದರಿಂದ. ಅದನ್ನು ತಿದ್ದಲು ಹಂಗಿಸಬೇಕಾಗಿಲ್ಲ. ‘ಅವನು ಓಡಿದನು, ಅವಳು ಓಡಿದಳು, ಕರು ಓಡಿತು’ ಎಂದು ಮೂವರು ಮಕ್ಕಳನ್ನು ಬಯಲಿನಲ್ಲಿ ಓಡಿಸಿ, ಉಳಿದವರಿಂದ ಕೂಗಿಸಿದರೆ ಹತ್ತು ನಿಮಿಷದಲ್ಲಿ ಲಿಂಗವಿವಕ್ಷೆ ನಾಲಗೆಗೆ ಹತ್ತುತ್ತದೆ. ಕಪ್ಪುಹಲಗೆಯ ಮೇಲೆ ಬರೆದು ಹತ್ತು ದಿನ ಒಪ್ಪಿಸಿದರೂ ಆ ಫಲ ದೊರೆಯುವುದು ಕಷ್ಟ.

ಎರಡು ಹೆಸರಿನ ಒಂದೇ ಆಟ

ಗಡಿಯ ಎರಡು ಬದಿಯ ಮಕ್ಕಳೂ ಆಡುವ ಆಟಗಳು ಬಹುಮಟ್ಟಿಗೆ ಒಂದೇ. ಕನ್ನಡದ ಅಳಗುಳಿಮಣೆ ತೆಲುಗರ ವಾಮನಗುಂಟಲು; ಕನ್ನಡದ ಕಣ್ಣಾಮುಚ್ಚಾಲೆ ಅವರ ದಾಗುಡುಮೂತಲು; ಕೈಯಲ್ಲಿ ಕಲ್ಲು ಚಿಮ್ಮಿಸಿ ಹಿಡಿಯುವ ಆಟ ಅವರ ಅಚ್ಚಂಗಾಯಲು. ಬಂಡೆಗಳ ಮೇಲೆಯೂ ಗುಡಿಯ ಕಲ್ಲುಹಾಸಿನ ಮೇಲೆಯೂ ಕೊರೆದಿರುವ ಹುಲಿ–ಕುರಿಯ ಆಟ ಎರಡೂ ನಾಡುಗಳಿಗೆ ಸಾಮಾನ್ಯವಾದುದು. ತೆಲುಗಿನ ಮಗು ‘ಪುಲಿ’ ಎನ್ನುತ್ತದೆ, ಕನ್ನಡದ ಮಗು ‘ಹುಲಿ’ ಎನ್ನುತ್ತದೆ.

ಇಲ್ಲಿ ಭಾಷೆಯ ಸ್ವಾರಸ್ಯವೊಂದಿದೆ. ಪಂಪನ ಕಾಲದ ಕನ್ನಡದಲ್ಲಿಯೂ ಆ ಪ್ರಾಣಿಯ ಹೆಸರು ‘ಪುಲಿ’ಯೇ. ಹಳಗನ್ನಡದ ಪಕಾರ ಕಾಲಕ್ರಮದಲ್ಲಿ ಹಕಾರವಾಯಿತು: ಪಾಲ್ ಹಾಲಾಯಿತು, ಪಾವು ಹಾವಾಯಿತು, ಪತ್ತು ಹತ್ತಾಯಿತು, ಪೆಸರ್ ಹೆಸರಾಯಿತು. ತೆಲುಗು ಪಾಲು, ಪಾಮು, ಪದಿ, ಪೇರು ಎಂದು ಪಕಾರವನ್ನು ಉಳಿಸಿಕೊಂಡಿತು. ಆದುದರಿಂದ ರಾಯಲ್ಪಾಡಿನ ಸುತ್ತಿನ ಮಗು ‘ಪುಲಿ’ ಎಂದು ಕೂಗಿದಾಗ ಅದು ಕನ್ನಡಕ್ಕೆ ಅನ್ಯವಾದ ಮಾತನ್ನಾಡಿತೆಂದು ತಿಳಿಯಬೇಕಾಗಿಲ್ಲ. ಶಿಕ್ಷಕನು ಈ ಮರ್ಮವನ್ನರಿತರೆ ‘ನಿಮ್ಮ ಪುಲಿ, ಇವರ ಹುಲಿ; ನಿಮ್ಮ ಪಾಲು, ಇವರ ಹಾಲು; ಇನ್ನು ಪಾಮು ಏನಾದೀತು?’ ಎಂಬ ಒಗಟಿನ ಆಟವನ್ನೇ ಹೂಡಬಹುದು. ಮನೆಮಾತಿನ ಜ್ಞಾನ ಶಾಲೆಯಲ್ಲಿ ಬಂಡವಾಳವಾಗುವುದು ಹೀಗೆ.

ನಲಿ–ಕಲಿ ಬಂದ ದಾರಿ

ಗಡಿಯಾಚೆಯಿಂದ ಕನ್ನಡ ಶಾಲೆಗಳಿಗೆ ಬಂದ ಒಂದು ಉಪಕಾರವನ್ನು ಇಲ್ಲಿ ನೆನೆಯಬೇಕು. ಮದನಪಲ್ಲಿಯ ಸಮೀಪದಲ್ಲಿ ಋಷಿಕೊಂಡದ ತಪ್ಪಲಿನಲ್ಲಿರುವ ರಿಷಿವ್ಯಾಲಿ ವಿದ್ಯಾಸಂಸ್ಥೆ, ಮದನಪಲ್ಲಿಯಲ್ಲಿ 1895ರಲ್ಲಿ ಜನಿಸಿದ ಜಿಡ್ಡು ಕೃಷ್ಣಮೂರ್ತಿಯವರ ವಿಚಾರಗಳಿಂದ ಬೆಳೆದುದು. ಅದರ ಗ್ರಾಮೀಣ ಶಿಕ್ಷಣ ಕೇಂದ್ರವು ಸುತ್ತಲಿನ ಹಳ್ಳಿಗಳಲ್ಲಿ ಏಕೋಪಾಧ್ಯಾಯ ಶಾಲೆಗಳನ್ನು ನಡೆಸಿ, ಪಾಠವನ್ನು ಚಿಕ್ಕ ಚಿಕ್ಕ ಕಾರ್ಡುಗಳಾಗಿ ಒಡೆದು, ಮಗು ತನ್ನ ಗತಿಯಲ್ಲಿ ಮೆಟ್ಟಿಲೇರುವ ‘ಕಲಿಕಾ ಏಣಿ’ಯ ಕ್ರಮವನ್ನು ರೂಪಿಸಿತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಅಲ್ಲಿಗೆ ಹೋಗಿ ನೋಡಿ ಬಂದು, ಯುನಿಸೆಫ್ ಸಂಸ್ಥೆಯ ನೆರವಿನಿಂದ ಆ ಕ್ರಮವನ್ನು ಕನ್ನಡಕ್ಕೆ ಒಗ್ಗಿಸಿದರು. ಹಾಡು, ಕಥೆ, ಆಟಗಳನ್ನು ಏಣಿಯ ಮೆಟ್ಟಿಲುಗಳಾಗಿಯೇ ಸೇರಿಸಿ, ‘ನಲಿ–ಕಲಿ’ ಎಂಬ ಸೊಗಸಾದ ಹೆಸರಿಟ್ಟರು. 2009–10ರಿಂದ ಅದು ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆಲ್ಲ ವಿಸ್ತರಿಸಿತು.

ಈ ವೃತ್ತಾಂತದಲ್ಲಿ ಎರಡು ಅಂಶಗಳು ಗಮನಾರ್ಹ. ಮೊದಲನೆಯದು, ಗಡಿಯೆಂಬುದು ಆಡಳಿತಕ್ಕೆ ಗೆರೆಯೇ ಹೊರತು ವಿದ್ಯೆಗೆ ಗೋಡೆಯಲ್ಲ. ಎರಡನೆಯದು, ನಲಿ–ಕಲಿಯಲ್ಲಿ ನಲಿವು ಕಲಿಕೆಯ ಒಳಗೇ ಹೊಸೆದಿದೆ. ಪಾಠ ಮುಗಿದ ಮೇಲೆ ಕೊಡುವ ಬಹುಮಾನವಾಗಿಲ್ಲ. ಆದರೆ ಕಾರ್ಡುಗಳು ಪೆಟ್ಟಿಗೆಯಲ್ಲೇ ಉಳಿದರೆ, ಅಥವಾ ಒಬ್ಬ ಶಿಕ್ಷಕನ ಮೇಲೆ ಹಲವು ತರಗತಿಗಳ ಭಾರ ಬಿದ್ದರೆ ಹೆಸರೊಂದೇ ಉಳಿದೀತೆಂಬುದನ್ನೂ ಮರೆಯಲಾಗದು.

ಹಬ್ಬ, ಸಂತೆ, ಶಿಬಿರ

‘ಶಿಬಿರ’ವೆಂಬ ಸಂಸ್ಕೃತಪದಕ್ಕೆ ಮೂಲದಲ್ಲಿ ಸೈನ್ಯದ ಬೀಡು ಎಂದರ್ಥ. ಅದು ಮಕ್ಕಳ ಮಾತಾದುದು ಈಚೆಗೆ. 1907ರ ಆಗಸ್ಟಿನಲ್ಲಿ ಬೇಡನ್ ಪೊವೆಲ್ ಮಹಾಶಯರು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬಾಲಕರ ಒಂದು ಸಣ್ಣ ತಂಡಕ್ಕೆ ನಡೆಸಿದ ಶಿಬಿರ ಸ್ಕೌಟ್ ಚಳವಳಿಗೆ ಬೀಜವಾಯಿತು. ಕನ್ನಡ ನಾಡಿನಲ್ಲಿ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳಿಗಾಗಿ ಆಟ, ನಾಟಕ, ಕುಣಿತಗಳ ಪ್ರಯೋಗ ನಡೆಸಿದರು. 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಆರಂಭವಾದ ಮೈಸೂರಿನ ರಂಗಾಯಣವು ಬೇಸಗೆಯ ‘ಚಿಣ್ಣರ ಮೇಳ’ವನ್ನು ಮನೆಮಾತಾಗಿಸಿತು. ಕೋಲಾರಕ್ಕೆ ಹತ್ತಿರದ ತೇರಹಳ್ಳಿ ಬೆಟ್ಟದ ಮೇಲಿನ ‘ಆದಿಮ’ ಸಾಂಸ್ಕೃತಿಕ ಕೇಂದ್ರವು ಹುಣ್ಣಿಮೆಯ ಹಾಡು, ಮಕ್ಕಳ ರಂಗಶಿಬಿರಗಳ ಮೂಲಕ ಈ ಜಿಲ್ಲೆಯಲ್ಲಿಯೇ ಅಂಥ ಪರಂಪರೆಯನ್ನು ಬೆಳೆಸಿದೆ.

ಸರಕಾರಿ ಶಾಲೆಗಳಲ್ಲಿ 2022–23ನೆಯ ಸಾಲಿನಲ್ಲಿ ‘ಕಲಿಕಾ ಹಬ್ಬ’ ನಡೆಯಿತು. ಕೊರೋನಾ ಪಿಡುಗಿನಿಂದ ಶಾಲೆಗಳು ದೀರ್ಘಕಾಲ ಮುಚ್ಚಿ ಮಕ್ಕಳ ಕಲಿಕೆ ಕುಂದಿದ್ದ ಸಂದರ್ಭವದು. ಹಾಡು–ಆಡು, ಕಾಗದ–ಕತ್ತರಿ, ಊರು ತಿಳಿಯೋಣ ಮುಂತಾದ ಹೆಸರಿನ ವಿಭಾಗಗಳಲ್ಲಿ ಮಕ್ಕಳು ಹಂಚಿಕೊಂಡು ದುಡಿದು ನಲಿದರು. ‘ಊರು ತಿಳಿಯೋಣ’ ಎಂಬುದರಲ್ಲಿ ಮಗುವೇ ಹಿರಿಯರನ್ನು ಪ್ರಶ್ನಿಸಿ ವಿಷಯ ಸಂಗ್ರಹಿಸುತ್ತದೆ. ಈ ಊರಿನ ಕೆರೆ ಎಂದು ತುಂಬಿತ್ತು? ಈ ಮರ ಯಾರು ನೆಟ್ಟದ್ದು? ಅಜ್ಜಿ ತೆಲುಗಿನಲ್ಲಿ ಹೇಳಿದುದನ್ನು ಮೊಮ್ಮಗಳು ಕನ್ನಡದಲ್ಲಿ ಬರೆದು ತರುವಾಗ, ಆಕೆ ಅರಿಯದೆಯೇ ಅನುವಾದಕಿಯಾಗಿರುತ್ತಾಳೆ.

ಇನ್ನು ಅನೇಕ ಶಾಲೆಗಳಲ್ಲಿ ನಡೆಯುವ ‘ಮಕ್ಕಳ ಸಂತೆ’ಯ ಮಾತು. ಮನೆಯಿಂದ ತಂದ ಸೊಪ್ಪು, ಕಾಯಿಪಲ್ಲೆ, ಕಡಲೆಕಾಯಿಗಳನ್ನು ಮಕ್ಕಳೇ ತೂಗಿ ಮಾರುತ್ತಾರೆ. ಶ್ರೀನಿವಾಸಪುರದ ಸೀಮೆಯಲ್ಲಾದರೆ ಜೂನ್ ತಿಂಗಳಲ್ಲಿ ಬಾದಾಮಿ, ರಸಪುರಿ, ತೋತಾಪುರಿ ಮಾವುಗಳ ರಾಶಿಯೇ ಕೂಡೀತು. ತೂಕ, ಚಿಲ್ಲರೆ, ಲಾಭ–ನಷ್ಟಗಳ ಗಣಿತ ಅಲ್ಲಿ ಸಲೀಸಾಗಿ ನಡೆಯುತ್ತದೆ. ಅದಕ್ಕೂ ಮಿಗಿಲಾದುದು ಚೌಕಾಸಿಯ ಕನ್ನಡ. ತರಗತಿಯಲ್ಲಿ ಮಗು ಉತ್ತರವನ್ನಷ್ಟೇ ಹೇಳುತ್ತದೆ. ಸಂತೆಯಲ್ಲಿ ಕರೆಯುತ್ತದೆ, ಒಪ್ಪಿಸುತ್ತದೆ, ನಿರಾಕರಿಸುತ್ತದೆ. ಆಟದಲ್ಲಿಯೂ ಹಾಗೆಯೇ. ‘ನಾನು ಔಟಾಗಿಲ್ಲ, ಗೆರೆ ಮುಟ್ಟಿದ್ದೆ’ ಎಂದು ಕನ್ನಡದಲ್ಲಿ ತಕರಾರು ಮಾಡಿದ ದಿನ ಗಡಿಯ ಮಗುವಿಗೆ ಕನ್ನಡ ದಕ್ಕಿತೆಂದು ತಿಳಿಯಬಹುದು. ಜಗಳಕ್ಕೆ ಬಾರದ ಭಾಷೆ ಇನ್ನೂ ತನ್ನದಾಗಿರುವುದಿಲ್ಲ.

ವೇದಿಕೆಯೂ ಬಯಲೂ

ಎಲ್ಲ ಸಂಭ್ರಮವೂ ಆಟವಲ್ಲ. ಶಾಲಾ ವಾರ್ಷಿಕೋತ್ಸವಗಳಲ್ಲಿ ಶಾಮಿಯಾನ, ಧ್ವನಿವರ್ಧಕ, ಬಾಡಿಗೆ ಉಡುಪು, ಸಿನಿಮಾ ಹಾಡಿನ ಕುಣಿತಗಳಿಗೆ ಹಣವೂ ದಿನಗಳೂ ವೆಚ್ಚವಾಗುತ್ತವೆ. ಚುರುಕಾದ ಕೆಲವೇ ಮಕ್ಕಳು ವೇದಿಕೆಯೇರುತ್ತಾರೆ. ಉಳಿದವರು ಬಿಸಿಲಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತಾರೆ. ಮೌನಿಯಾದ ಮಗು ಅಂದೂ ಮೌನಿಯೇ. ವೇದಿಕೆ ಬೇಡವೆಂಬುದು ಇಲ್ಲಿಯ ಅಭಿಪ್ರಾಯವಲ್ಲ. ವೇದಿಕೆಗೆ ಮುಂಚೆ ಬಯಲು ಬೇಕು. ಯಾವ ಕಾರ್ಯಕ್ರಮವನ್ನಾದರೂ ಒಂದೇ ಪ್ರಶ್ನೆಯಿಂದ ಅಳೆಯಬಹುದು: ಈ ದಿನ ಎಷ್ಟು ಮಕ್ಕಳು ಬಾಯಿ ತೆರೆದರು?

ಮೂರು ದಿನಗಳ ಒಂದು ಕ್ರಮ

ಹಳ್ಳಿಯ ಶಾಲೆಯೊಂದು ತನ್ನ ಶಕ್ತಿಯಲ್ಲಿಯೇ ನಡೆಸಬಹುದಾದ ಶಿಬಿರದ ಕ್ರಮವನ್ನು ಸಂಕ್ಷೇಪವಾಗಿ ಹೀಗೆ ಹೇಳಬಹುದು. ನಾಲ್ಕು, ಐದನೆಯ ತರಗತಿಯ ಮಕ್ಕಳನ್ನು ಎಂಟೆಂಟರ ಗುಂಪುಗಳಾಗಿ ಮಾಡಬೇಕು. ಪ್ರತಿ ಗುಂಪಿನಲ್ಲಿಯೂ ಕನ್ನಡ ಮನೆಮಾತಿನವರೂ ತೆಲುಗು ಮನೆಮಾತಿನವರೂ ಬೆರೆತಿರಬೇಕು. ಮೊದಲ ದಿನ ಆಟಗಳ ದಿನ. ಪ್ರತಿಯೊಂದು ಗುಂಪೂ ತಮ್ಮ ಮನೆಯ ಒಂದು ಆಟವನ್ನು ಇತರರಿಗೆ ಕನ್ನಡದಲ್ಲಿ ವಿವರಿಸಿ ಕಲಿಸಬೇಕು. ನಿಯಮವನ್ನು ವಿವರಿಸುವುದೇ ಒಳ್ಳೆಯ ಗದ್ಯದ ಅಭ್ಯಾಸ. ಎರಡನೆಯ ದಿನ ಊರು ಸುತ್ತುವ ದಿನ. ಕುಂಬಾರನ ಚಕ್ರ, ರೇಷ್ಮೆಯ ಚಂದ್ರಿಕೆ, ಮಾವಿನ ಮಂಡಿ, ಅಂಚೆಯ ಮನೆ – ಯಾವುದಾದರೂ ಎರಡನ್ನು ನೋಡಿ, ಅಲ್ಲಿಯ ಕಸಬಿನ ಮಾತುಗಳನ್ನು ಎರಡೂ ಭಾಷೆಗಳಲ್ಲಿ ಬರೆದುಕೊಳ್ಳಬೇಕು. ಮೂರನೆಯ ದಿನ ಮಾಡುವ ದಿನ. ಕಂಡ ಕೇಳಿದ ಸಂಗತಿಯನ್ನು ಗೋಡೆಪತ್ರಿಕೆಯಾಗಿ ಬರೆದು, ಕಿರುನಾಟಕವಾಗಿ ಆಡಿ, ಸಂಜೆ ತಂದೆತಾಯಿಗಳ ಮುಂದೆ ತೋರಿಸಬೇಕು.

ಸಾಮಗ್ರಿಯೆಂದರೆ ಹುಣಸೆಬೀಜ, ಬೆಣಚುಕಲ್ಲು, ಹಳೆಯ ಪತ್ರಿಕೆ, ಅಂಟು, ಬಣ್ಣದ ಸೀಸ. ಮಧ್ಯಾಹ್ನದ ಬಿಸಿಯೂಟ ಶಾಲೆಯಲ್ಲಿಯೇ ಉಂಟು. ಶಿಕ್ಷಕರಿಗೆ ಎರಡು ನಿಯಮಗಳು ಮುಖ್ಯ. ಆಟದ ನಡುವೆ ಮಗುವಿನ ತಪ್ಪನ್ನು ತಡೆದು ತಿದ್ದಬಾರದು. ಸರಿಯಾದ ರೂಪವನ್ನು ತಾವೇ ಮತ್ತೊಮ್ಮೆ ಆಡಿ ಕೇಳಿಸಿದರೆ ಸಾಕು. ಶಿಬಿರ ಮುಗಿದ ಮೇಲೆ ಬರವಣಿಗೆಯನ್ನು ಬಿಡಬಾರದು. ಆಟವು ನಾಲಗೆಯನ್ನು ಬಿಡಿಸುತ್ತದೆಯಾದರೂ, ಓದು ಬರಹಗಳು ನಿತ್ಯದ ಅಭ್ಯಾಸದಿಂದಲೇ ಬರತಕ್ಕವು.

ತೆಲುಗಿನಲ್ಲಿ ‘ನಾವು’ ಎನ್ನಲು ಎರಡು ಪದಗಳಿವೆ: ಕೇಳುವವನನ್ನು ಹೊರಗಿಟ್ಟು ಹೇಳುವ ‘ಮೇಮು’, ಒಳಗೊಂಡು ಹೇಳುವ ‘ಮನಮು’. ಕನ್ನಡಕ್ಕೆ ಇಂದು ‘ನಾವು’ ಒಂದೇ. ಒಂದೇ ಗುಂಪಿನಲ್ಲಿ ಮೂರು ದಿನ ಆಡಿ ಗೆದ್ದು ಸೋತ ಮಕ್ಕಳು ‘ನಾವು’ ಎಂದಾಗ ಅದರಲ್ಲಿ ಹೊರಗಿನವರು ಯಾರೂ ಉಳಿದಿರುವುದಿಲ್ಲ.

ಆದಕಾರಣ ಶಾಲೆಗಳಿಗೆ ಕಟ್ಟಡ ಕಟ್ಟಿಸಿ, ಬೆಂಚು ಕೊಡಿಸಿ ಉಪಕರಿಸುವ ದಾನಿಗಳು ವರ್ಷಕ್ಕೊಮ್ಮೆ ಗಡಿಯ ಒಂದು ಶಾಲೆಯ ಮೂರು ದಿನಗಳ ವೆಚ್ಚವನ್ನೂ ವಹಿಸಿಕೊಂಡರೆ ಅದು ಸಣ್ಣ ದಾನವೆನಿಸದು. ಹಳೆಯ ವಿದ್ಯಾರ್ಥಿಗಳು ತಮಗೆ ಬರುವ ಒಂದು ಆಟವನ್ನೋ ಕಸಬನ್ನೋ ಕಲಿಸಲು ಒಂದು ದಿನ ಬಂದು ಹೋದರೂ ಸಾಕು. ಶಿಕ್ಷಕರಾದರೋ ನಾಳಿನ ದಿನಚರಿಯಲ್ಲಿ ಅರ್ಧ ಗಂಟೆಯನ್ನು ಬಯಲಿಗೆ ಬಿಟ್ಟು ನೋಡಲಿ. ಹಿಂದಿನ ಸಾಲಿನಲ್ಲಿ ಮೌನವಾಗಿ ಕುಳಿತಿದ್ದ ಮಗು ಮೊದಲು ಆಡೀತು, ಆಮೇಲೆ ಮಾತಾಡೀತು.