ಟೇಪು ಹಿಡಿಯುವ ಮುಂಚೆ ಬಿಲ್ಲು ಹಿಡಿಯಿರಿ

ಸೋಲಾರ್ ಎಷ್ಟು ಕಿಲೋವ್ಯಾಟ್ ಹಾಕಿಸಲಿ ಎಂದು ಪಕ್ಕದ ಮನೆಯವರನ್ನು ಕೇಳಬೇಡಿ. ಅವರ ಎಸಿ ನಿಮ್ಮ ಮನೆಯಲ್ಲಿಲ್ಲ. ಹಿಂದಿನ ಹನ್ನೆರಡು ತಿಂಗಳ ಕರೆಂಟ್ ಬಿಲ್ಲು ಹುಡುಕಿ, ರೂಪಾಯಿ ಬಿಟ್ಟು ಯೂನಿಟ್ಟುಗಳನ್ನು ಕೂಡಿ, 12ರಿಂದ ಭಾಗಿಸಿ. ನಮ್ಮ ಬಿಸಿಲಿಗೆ 1 ಕಿಲೋವ್ಯಾಟ್ ದಿನಕ್ಕೆ ಸರಾಸರಿ 4 ಯೂನಿಟ್, ತಿಂಗಳಿಗೆ ಸುಮಾರು 120 ಯೂನಿಟ್ ಕೊಡುತ್ತದೆ. ಅಂದರೆ ತಿಂಗಳಿಗೆ 350 ಯೂನಿಟ್ ಉರಿಸುವ ಮನೆಗೆ 3 ಕಿಲೋವ್ಯಾಟ್ ಸಾಕು. ಪಿಎಂ ಸೂರ್ಯ ಘರ್ ಯೋಜನೆಯ ಸಬ್ಸಿಡಿಯೂ 3 ಕಿಲೋವ್ಯಾಟ್‌ಗೆ 78,000 ರೂಪಾಯಿ. ಅದಕ್ಕಿಂತ ದೊಡ್ಡದು ಹಾಕಿಸಿದರೂ ಅಷ್ಟೇ. ಮಾರುವವರು 5 ಎನ್ನುತ್ತಾರೆ, ಅದು ಅವರ ಕಸುಬು. ಎಲೆಕ್ಟ್ರಿಕ್ ಕಾರು ತರುವ ಯೋಚನೆಯಿದ್ದರೆ ಮಾತು ಬೇರೆ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ಲು ಬರುತ್ತಿದ್ದರಂತೂ ಅವಸರವೇ ಬೇಡ.

ಇನ್ನು ಜಾಗ. 1 ಕಿಲೋವ್ಯಾಟ್‌ಗೆ ಸುಮಾರು 100 ಚದರಡಿ, ಅದೂ ನೆರಳಿಲ್ಲದ್ದು. ಒಂದು ತೆಂಗಿನ ಗರಿಯ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಕುಗ್ಗಬಹುದು. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ನೀರಿನ ಟ್ಯಾಂಕಿನ ನೆರಳೂ ಉದ್ದವಾಗುತ್ತದೆ. ಮುಂಗಡ ಕೊಡುವ ಮೊದಲು ಬೆಳಿಗ್ಗೆ ಒಂಬತ್ತಕ್ಕೊಮ್ಮೆ, ಮಧ್ಯಾಹ್ನ ಮೂರಕ್ಕೊಮ್ಮೆ ತಾರಸಿ ಹತ್ತಿ ನೋಡಿ ಬನ್ನಿ.