ಹಾಲು, ಬೆಲ್ಲ, ಮದ್ದೂರು ವಡೆ: ಡ್ರೈ ಕ್ಲೀನಿಂಗ್ ಎಂಬ ಒದ್ದೆ ಕೆಲಸ

ಕಳೆದ ವರ್ಷ ಗೆಜ್ಜಲಗೆರೆಯಲ್ಲಿ ನಮ್ಮ ಚಿಕ್ಕಪ್ಪನ ಮನೆ ಗೃಹಪ್ರವೇಶ. ಹಾಲಿನ ಡೈರಿ ಇರೋ ಊರು ನಮ್ಮದು, ಹಾಲಿಗೇನು ಬರ? ಪಾತ್ರೆ ತುಂಬಾ ಇಟ್ಟು ಉಕ್ಕಿಸಿದರು. ಉಕ್ಕಿದ್ದು ಒಲೆ ಮೇಲೆ ಮಾತ್ರ ಬೀಳಲಿಲ್ಲ, ಪಕ್ಕದಲ್ಲಿ ನಿಂತಿದ್ದ ಅವ್ವನ ಮೈಸೂರು ಸಿಲ್ಕ್ ಸೀರೆಯ ನೆರಿಗೆ ಮೇಲೂ ಬಿತ್ತು. ಅದು ಅವ್ವನ ಧಾರೆ ಸೀರೆ. ಟವೆಲ್‌ನಲ್ಲಿ ಒರೆಸಿಕೊಂಡು ಓಡಾಡಿದರು. ವಾರ ಬಿಟ್ಟು ನಾನೇ ಡ್ರೈ ಕ್ಲೀನಿಂಗ್ ಅಂಗಡಿಗೆ ಕೊಟ್ಟು ಬಂದೆ.

ವಾಪಸ್ ಬಂದಾಗ ಸೀರೆ ಗರಿಗರಿಯಾಗಿತ್ತು, ಮಡಿಕೆ ಚೆನ್ನಾಗಿತ್ತು. ಆದರೆ ನೆರಿಗೆ ಹತ್ತಿರ ಅಂಗೈ ಅಗಲ ಹಳದಿ ಕಲೆ. ಕೊಡುವಾಗ ಕಣ್ಣಿಗೆ ಅಷ್ಟಾಗಿ ಕಾಣದಿದ್ದದ್ದು ಈಗ ದೂರದಿಂದಲೇ ಕಾಣುತ್ತಿತ್ತು. ‘ಇದೇನ್ಲಾ ಮಗ, ದುಡ್ಡು ಕೊಟ್ಟು ಕಲೆ ಮಾಡಿಸ್ಕೊಂಡು ಬಂದಿದ್ದೀಯ’ ಅಂದರು ಅವ್ವ. ನಾನು ಅಂಗಡಿಗೆ ಹೋಗಿ ಜಗಳ ತೆಗೆದೆ. ಅಂಗಡಿಯಣ್ಣ ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: ‘ಹಾಲು ಬಿದ್ದಿತ್ತು ಅಂತ ಕೊಡುವಾಗ ಹೇಳಿದ್ರಾ ಸಾರ್?’

ಹೇಳಿರಲಿಲ್ಲ. ಹೇಳಬೇಕು ಅಂತ ಗೊತ್ತೇ ಇರಲಿಲ್ಲ. ಆಮೇಲೆ ಓದಿ, ಅವರ ಹತ್ತಿರವೇ ಕೇಳಿ ತಿಳಿದುಕೊಂಡದ್ದು ಈ ಲೇಖನ.

ಮೊದಲನೆಯದಾಗಿ, ಡ್ರೈ ಕ್ಲೀನಿಂಗ್‌ನಲ್ಲಿ ‘ಡ್ರೈ’ ಏನೂ ಇಲ್ಲ. ಬಟ್ಟೆ ಪೂರ್ತಿ ನೆನೆಯುತ್ತದೆ. ನೀರಲ್ಲಿ ನೆನೆಯುವುದಿಲ್ಲ, ಅಷ್ಟೇ. ನೀರಿನ ಬದಲು ಒಂದು ದ್ರಾವಕ. ಪ್ರಪಂಚದಲ್ಲಿ ಬಹುಕಾಲ ಹೆಚ್ಚಾಗಿ ಬಳಸಿದ್ದು ಪರ್‌ಕ್ಲೋರೋಎಥಿಲೀನ್, ಅಂಗಡಿ ಭಾಷೆಯಲ್ಲಿ ‘ಪರ್ಕ್’. ಎರಡು ಇಂಗಾಲ, ನಾಲ್ಕು ಕ್ಲೋರಿನ್ ಸೇರಿದ ಅಣು. ಬೆಂಕಿ ಹತ್ತುವುದಿಲ್ಲ, 121 ಡಿಗ್ರಿಯಲ್ಲಿ ಕುದಿಯುತ್ತದೆ, ನೀರಿಗಿಂತ 1.6 ಪಟ್ಟು ಭಾರ. ನಮ್ಮ ಕಡೆ ಅನೇಕರು ಬಳಸುವುದು ಮಿನರಲ್ ಟರ್ಪೆಂಟೈನ್, ಅಂದರೆ ಸೀಮೆಎಣ್ಣೆಯ ಬಂಧುವಾದ ಪೆಟ್ರೋಲಿಯಂ ದ್ರಾವಕ. ‘ಪೆಟ್ರೋಲ್ ವಾಶ್’ ಅಂತ ಬೋರ್ಡ್ ನೋಡಿರುತ್ತೀರಲ್ಲ, ಆ ಹೆಸರು ಬಂದದ್ದು ಇಂಥ ದ್ರಾವಕಗಳಿಂದಲೇ.

ಇದರ ಚರಿತ್ರೆಯಲ್ಲಿ 1821 ಒಂದು ಮಜಾ ವರ್ಷ. ನ್ಯೂಯಾರ್ಕಿನ ದರ್ಜಿ ಥಾಮಸ್ ಜೆನ್ನಿಂಗ್ಸ್ ನೀರಿಲ್ಲದೆ ಬಟ್ಟೆ ಶುಚಿ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದದ್ದು ಆ ವರ್ಷ. ಅಮೆರಿಕದಲ್ಲಿ ಪೇಟೆಂಟ್ ಪಡೆದ ಮೊದಲ ಕಪ್ಪು ವರ್ಣೀಯ ಅವರು ಎನ್ನುತ್ತಾರೆ. ಅದೇ ವರ್ಷ ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ, ಹೌದು ನಮ್ಮ ಎಲೆಕ್ಟ್ರಿಕಲ್‌ನವರ ಫ್ಯಾರಡೆಯೇ, ಮೊದಲ ಬಾರಿ ಪರ್ಕ್ ತಯಾರಿಸಿದರು. ಇವೆರಡೂ ಒಂದಾಗಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು.

ಸರಿ, ನೀರಿಗೆ ಏನಾಗಿದೆ? ಮೈಸೂರು ಸಿಲ್ಕನ್ನೇ ತಗೊಳ್ಳಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಮೈಸೂರಿನಲ್ಲಿ ಶುರುವಾದ ಕಾರ್ಖಾನೆಯ ಬಟ್ಟೆ ಅದು. ಆ ಸೀರೆಯ ಕ್ರೇಪ್ ಬಟ್ಟೆಗೆ ಎಳೆಯನ್ನು ವಿಪರೀತ ಹುರಿ ಹಾಕಿ ನೇಯುತ್ತಾರೆ. ಸೀರೆ ಹಾಗೆ ಜಾರುವಂತೆ ಮೈಮೇಲೆ ಕೂರುವುದು ಆ ಹುರಿಯಿಂದಲೇ. ರೇಷ್ಮೆ ಅಂದರೆ ಪ್ರೋಟೀನು, ನೀರನ್ನು ಕುಡಿದು ಊದಿಕೊಳ್ಳುತ್ತದೆ. ಬಿಗಿಯಾಗಿ ತಿರುಚಿದ ಹಗ್ಗ ನೆಂದಾಗ ಏನಾಗುತ್ತೆ? ಗಟ್ಟಿಯಾಗಿ ಮೋಟಾಗುತ್ತೆ. ಬಾವಿ ಹಗ್ಗ ನೋಡಿದವರಿಗೆ ಗೊತ್ತು. ಸೀರೆಯ ಪ್ರತಿ ಎಳೆಯೂ ಹಾಗೇ ಮಾಡಿದರೆ ಬಟ್ಟೆ ಕುಗ್ಗಿ, ಸುಕ್ಕಾಗಿ, ಜರಿಯ ಅಂಚು ಮಾತ್ರ ಉದ್ದವಾಗಿ ಉಳಿದು ಅಲೆಅಲೆಯಾಗುತ್ತದೆ. ಪರ್ಕ್ ಆಗಲಿ ಟರ್ಪೆಂಟೈನ್ ಆಗಲಿ ಧ್ರುವೀಯ ಅಲ್ಲ. ಎಳೆಯ ಒಳಗಿನ ಹೈಡ್ರೋಜನ್ ಬಂಧಗಳ ತಂಟೆಗೆ ಹೋಗುವುದಿಲ್ಲ. ಎಳೆ ಊದುವುದಿಲ್ಲ, ಆಕಾರ ಕೆಡುವುದಿಲ್ಲ. ಜಿಡ್ಡು ಮಾತ್ರ ಕರಗುತ್ತದೆ.

ಯಂತ್ರ ಹೊರಗಿಂದ ನೋಡಿದರೆ ದೊಡ್ಡ ವಾಷಿಂಗ್ ಮಷಿನ್. ಒಳಗೆ ಮಾತ್ರ ಒಂದು ಪುಟ್ಟ ಕೆಮಿಕಲ್ ಪ್ಲಾಂಟ್. ಡ್ರಮ್ಮಿನಲ್ಲಿ ಬಟ್ಟೆ ತಿರುಗುವಾಗ ದ್ರಾವಕ ಫಿಲ್ಟರ್ ಮೂಲಕ ಸುತ್ತುತ್ತಲೇ ಇರುತ್ತದೆ. ಜೊತೆಗೆ ಚೂರು ಡಿಟರ್ಜೆಂಟ್, ಅತಿ ಸ್ವಲ್ಪ ನೀರು. ಆಮೇಲೆ ಜೋರಾಗಿ ತಿರುಗಿಸಿ ಹಿಂಡಿ, ಬಿಸಿ ಗಾಳಿ ಹಾಯಿಸುತ್ತಾರೆ. ಆವಿಯಾದ ದ್ರಾವಕ ತಣ್ಣನೆಯ ಕಾಯಿಲ್ ಮೇಲೆ ಹನಿಯಾಗಿ ಟ್ಯಾಂಕಿಗೆ ವಾಪಸ್. ಜೊತೆಯಲ್ಲಿ ಬಂದ ನೀರನ್ನು ಬೇರ್ಪಡಿಸುವುದು ಸುಲಭ: ಪರ್ಕ್ ಭಾರ, ಕೆಳಗೆ ಕೂರುತ್ತದೆ, ನೀರು ಮೇಲೆ ತೇಲುತ್ತದೆ. ಕೊಳೆ ದ್ರಾವಕವನ್ನು ಬಟ್ಟಿ ಇಳಿಸಿದರೆ ಸ್ವಚ್ಛ ದ್ರಾವಕ ಮೇಲೆ ಹೋಗಿ, ಊರವರ ಬೆವರು, ಎಣ್ಣೆ, ಕೊಳೆಯೆಲ್ಲ ತಳದಲ್ಲಿ ಗಸಿಯಾಗಿ ಉಳಿಯುತ್ತದೆ. ಬಟ್ಟಿ ಇಳಿಸುವುದರಲ್ಲಿ ಜುಗ್ಗತನ ಮಾಡಿದರೆ ನಿಮ್ಮ ಬಿಳಿ ಪಂಚೆ ಮಾಸಲು ಬಣ್ಣಕ್ಕೆ ತಿರುಗಿ, ಒಂದು ಥರ ಕಮಟು ವಾಸನೆ ಹೊತ್ತು ಬರುತ್ತದೆ.

ಈಗ ನಮ್ಮ ಕಲೆಗೆ ಬರೋಣ. ತನ್ನಂಥದ್ದನ್ನೇ ತಾನು ಕರಗಿಸುವುದು ದ್ರಾವಕದ ಗುಣ, ಮೊದಲ ವರ್ಷದ ಕೆಮಿಸ್ಟ್ರಿ. ಮದ್ದೂರು ವಡೆ ಸೀರೆ ಮೇಲೆ ಬಿತ್ತಾ? ಚಿಂತೆ ಇಲ್ಲ, ಎಣ್ಣೆ ದ್ರಾವಕದಲ್ಲಿ ಹೋಗುತ್ತೆ. ಆದರೆ ಮಂಡ್ಯ ಜಿಲ್ಲೆ ಹೆಸರುವಾಸಿ ಆಗಿರೋದು ಕಬ್ಬಿಗೂ ಹಾಲಿಗೂ! ಸಕ್ಕರೆ, ಬೆಲ್ಲ, ಕಬ್ಬಿನ ಹಾಲು ಇವೆಲ್ಲ ನೀರಲ್ಲಿ ಕರಗುವವು, ಪರ್ಕ್‌ನಲ್ಲಿ ಅಲ್ಲ. ಪಾನಕ ಚೆಲ್ಲಿ ಒಣಗಿದರೆ ಕಲೆಯೇ ಕಾಣದು. ಇಸ್ತ್ರಿ ಬಿಸಿ ತಾಗಿದೊಡನೆ ಆಲೆಮನೆ ಕೊಪ್ಪರಿಗೆಯ ಕತೆ, ಕಂದು ಬಣ್ಣ. ಹಾಲಿನಲ್ಲಿ ಮೂರೂ ಇವೆ: ಕೊಬ್ಬು, ಪ್ರೋಟೀನು, ಲ್ಯಾಕ್ಟೋಸ್ ಎಂಬ ಸಕ್ಕರೆ. ದ್ರಾವಕ ಕೊಬ್ಬನ್ನು ಎತ್ತಿಕೊಂಡು ಹೋಯಿತು. ಪ್ರೋಟೀನು, ಸಕ್ಕರೆ ಅಲ್ಲೇ ಕೂತವು. ಮೇಲೆ ಸ್ಟೀಮ್ ಪ್ರೆಸ್ ಬಂತು. ಹಾಲು ಬತ್ತಿಸಿ ಖೋವಾ ಮಾಡುವಾಗ ಬಣ್ಣ ತಿರುಗುತ್ತಲ್ಲ, ಅವ್ವನ ನೆರಿಗೆ ಮೇಲೆ ಆದದ್ದೂ ಅದೇ ರಾಸಾಯನಿಕ ಕ್ರಿಯೆ.

ಇದಕ್ಕೇ ಒಳ್ಳೆ ಅಂಗಡಿಯಲ್ಲಿ ಮಷಿನ್‌ಗೆ ಹಾಕುವ ಮೊದಲು ಕಲೆ ತೆಗೆಯುವ ಟೇಬಲ್ ಒಂದಿರುತ್ತದೆ. ಕಲೆ ಯಾವುದು ಅಂತ ನೋಡಿ, ಅಷ್ಟು ಜಾಗಕ್ಕೆ ಮಾತ್ರ ತಣ್ಣೀರು, ಕಿಣ್ವ, ಬೇರೆ ಬೇರೆ ದ್ರಾವಣ ಹಾಕಿ ಕೈಯಲ್ಲೇ ತೆಗೆಯುತ್ತಾರೆ. ನನ್ನ ಪ್ರಕಾರ ಇಡೀ ಕಸುಬಿನ ಬುದ್ಧಿವಂತಿಕೆ ಇರುವುದು ಈ ಟೇಬಲ್ ಮೇಲೆ. ಮಷಿನ್ ಯಾರು ಬೇಕಾದರೂ ಕೊಂಡುಕೊಳ್ಳಬಹುದು. ಆ ಟೇಬಲ್ ಮುಂದೆ ಕೂತವರಿಗೆ ಇದು ಹಾಲೋ, ಕಾಫಿಯೋ, ಬೆವರೋ, ಎಷ್ಟು ದಿನದ್ದು ಎಂಬುದನ್ನು ಹೇಳಬೇಕಾದವರು ನಾವು. ಡಾಕ್ಟರ ಹತ್ತಿರ ಹೋಗಿ ಎಲ್ಲಿ ನೋವು ಅಂತ ಹೇಳದೆ ಕೂತಂಗೆ ಆಗುತ್ತೆ ಇಲ್ಲದಿದ್ದರೆ.

ಇನ್ನೊಂದು ವಿಷಯ, ನಾವು ಯೋಚಿಸದೇ ಇರೋದು. ಪರ್ಕ್ ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್ ತರಬಲ್ಲದ್ದು ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿದೆ. ನೆಲಕ್ಕೆ ಚೆಲ್ಲಿದರೆ ಭಾರವಿರುವುದರಿಂದ ಅಂತರ್ಜಲದ ತಳಕ್ಕೇ ಇಳಿದು ವರ್ಷಗಟ್ಟಲೆ ಉಳಿಯುತ್ತದೆ. ಬೋರ್‌ವೆಲ್ ನಂಬಿದ ಊರಿನವರು ಇದನ್ನು ನೆನಪಿಡಬೇಕು. ಅಮೆರಿಕದ ಪರಿಸರ ಸಂಸ್ಥೆ 2024ರ ಡಿಸೆಂಬರ್‌ನಲ್ಲಿ, ಡ್ರೈ ಕ್ಲೀನಿಂಗ್‌ನಿಂದ ಪರ್ಕನ್ನು 10 ವರ್ಷದಲ್ಲಿ ತೆಗೆದುಹಾಕುವ ನಿಯಮ ಹೊರಡಿಸಿತು. ಟರ್ಪೆಂಟೈನ್‌ಗೆ ಬೆಂಕಿಯ ಭಯ. ಎರಡರ ಆವಿಯನ್ನೂ ಮೊದಲು ಕುಡಿಯುವವರು ಅಲ್ಲಿ ಕೆಲಸ ಮಾಡುವವರು. ಫ್ಯಾನ್, ಕಿಟಕಿ, ಗ್ಲೌಸ್ ಇಲ್ಲದ ಕೋಣೆಯಿಂದ ಅಗ್ಗವಾಗಿ ಬಂದ ಬಟ್ಟೆ ನಿಜಕ್ಕೂ ಅಗ್ಗವಾ?

ಹಾಗಾಗಿ ಬೇಕಿಲ್ಲದಾಗ ಕೊಡುವುದು ಬೇಡ. ಪ್ಲೇಸ್‌ಮೆಂಟ್‌ಗೆ ಹೊಲಿಸಿದ ಬ್ಲೇಜರನ್ನು ಒಂದೊಂದು ಇಂಟರ್‌ವ್ಯೂ ಆದಮೇಲೂ ಕೊಡುವ ಗೆಳೆಯರಿದ್ದಾರೆ. ಅಗಲ ಹ್ಯಾಂಗರ್‌ಗೆ ಹಾಕಿ, ಬ್ರಷ್ ಮಾಡಿ, ನೆರಳಲ್ಲಿ ಗಾಳಿಗೆ ಬಿಟ್ಟರೆ ಸಾಕು. ಮನೆಯಲ್ಲಿ ನೆನೆಹಾಕಬೇಡಿ ಮಾತ್ರ; ಒಳಗಿನ ಅಂಟಿಸಿದ ಪದರ ಬಿಟ್ಟುಕೊಂಡು ಎದೆಯ ಮೇಲೆ ಗುಳ್ಳೆ ಏಳುತ್ತದೆ. ಕಾಲರ್ ಒಳಗಿನ ಲೇಬಲ್ ನೋಡಿ. ವೃತ್ತ ಇದ್ದರೆ ಡ್ರೈ ಕ್ಲೀನ್, ಅದರ ಮೇಲೆ ಕತ್ತರಿ ಗುರುತು ಇದ್ದರೆ ಮಾಡಬಾರದು. ವೃತ್ತದೊಳಗೆ ‘ಪಿ’ ಇದ್ದರೆ ಪರ್ಕ್ ಆಗುತ್ತೆ, ‘ಎಫ್’ ಇದ್ದರೆ ಪೆಟ್ರೋಲಿಯಂ ದ್ರಾವಕ. ಅಂಗಡಿಯಿಂದ ತಂದ ಬಟ್ಟೆಯ ಪ್ಲಾಸ್ಟಿಕ್ ಕವರ್ ಅವತ್ತೇ ತೆಗೆದು ಗಾಳಿಗೆ ಹಾಕಿ, ಉಳಿದ ಆವಿ ಹೋಗಲಿ. ಜರಿ ಸೀರೆಯನ್ನು ಹಳೇ ಹತ್ತಿ ಪಂಚೆಯಲ್ಲಿ ಸುತ್ತಿ, ಆಗಾಗ ಮಡಿಕೆ ಬದಲಿಸಿ. ಸೆಂಟ್ ನೇರ ಜರಿ ಮೇಲೆ ಬೇಡ, ಅದರಲ್ಲಿರುವ ಬೆಳ್ಳಿ ಕಪ್ಪಾಗುತ್ತದೆ.

ನಮ್ಮಜ್ಜಿ ಇದ್ದಾಗ ಊರ ಮಡಿವಾಳರು ಹತ್ತಿ ಬಟ್ಟೆಗೆ ಚೌಳು ಮಣ್ಣು ಹಾಕಿದರೂ ರೇಷ್ಮೆಗೆ ಹಾಕುತ್ತಿರಲಿಲ್ಲವಂತೆ. ಅದಕ್ಕೆ ಅಂಟುವಾಳ ಕಾಯಿಯೇ ಆಗಬೇಕು. ಚೌಳು ಕ್ಷಾರ, ಪ್ರೋಟೀನನ್ನು ತಿನ್ನುತ್ತೆ. ಪಿಎಚ್ ಪೇಪರ್ ಇಲ್ಲದೆ ಇದನ್ನು ಕಂಡುಕೊಂಡಿದ್ದರು.

ಅವ್ವನ ಸೀರೆಯನ್ನು ಅದೇ ಅಂಗಡಿಯಣ್ಣ ಮತ್ತೆ ಇಸಿದುಕೊಂಡರು. ಆ ಜಾಗವನ್ನಷ್ಟೇ ಮೂರು ಸಲ ತೇವ ಮಾಡಿ, ಒತ್ತಿ, ಒಣಗಿಸಿದರಂತೆ. ಕಲೆ ಮುಕ್ಕಾಲು ಹೋಯಿತು. ದುಡ್ಡು ಕೇಳಲಿಲ್ಲ, ನಾನೇ ಕೊಟ್ಟೆ. ಉಳಿದ ಕಾಲು ಭಾಗ ಒಳಗೆ ಹೋಗುವ ಹಾಗೆ ಅವ್ವ ಈಗ ನೆರಿಗೆ ಹಿಡಿಯುತ್ತಾರೆ.